ಬೀಗರ ಬಾವಿಯ ಕಪ್ಪೆ

ಸೋಮವಾರ ಬೆಳಿಗ್ಗೆ ಬಾವಿಗೆ ಔಷಧಿ ಬಿಡುವುದು. ಮಂಗಳವಾರ ನೀರಿನ ಬಣ್ಣ ಇಳಿಯುವುದು. ಬುಧವಾರ ಹಟ್ಟಿಯ ಜನ ಹಳ್ಳದ ಚಿಲುಮೆಯನ್ನು ಬಿಟ್ಟು ಬಾವಿಗೆ ಮರಳುವುದು. ಗುರುವಾರ ತಾನು ಮುಂದಿನ ಊರಿಗೆ ಹೊರಡುವುದು. ಈ ಕ್ರಮವನ್ನು ನಾಗೇಂದ್ರಪ್ಪ ಚಳ್ಳಕೆರೆಯಿಂದ ಹೊರಡುವ ಮೊದಲೇ ಮನಸ್ಸಿನಲ್ಲಿ ಗೆರೆ ಎಳೆದಂತೆ ಹಾಕಿಕೊಂಡಿದ್ದ. ಅದರಲ್ಲಿ ಸೋಮವಾರದ ಭಾಗ ಮಾತ್ರ ಹಾಕಿಕೊಂಡಂತೆ ನಡೆದಿತ್ತು. ಈಗ ಗುರುವಾರ. ಸಾವಿರದ ಒಂಬೈನೂರ ಏಳನೆಯ ಇಸವಿಯ ಮೇ ತಿಂಗಳು; ಹೊತ್ತು ಮೂಡಿ ಸ್ವಲ್ಪವೇ ಆಗಿದ್ದರೂ ಕೋಟಿನೊಳಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಮುಂದಿನ ಊರಿಗೆ ಹೊರಟಿರಲಿಲ್ಲ. ಕಾರೆಹಟ್ಟಿಯಿಂದ ಜಟಿಂಗ ರಾಮೇಶ್ವರದ ಬೆಟ್ಟದ ಕಡೆಗೆ, ಯರ್ರಪ್ಪನ ಎತ್ತಿನ ಗಾಡಿಯಲ್ಲಿ, ಮಡಿಲಲ್ಲಿ ಒಂದು ಮಣ್ಣಿನ ಗಡಿಗೆಯನ್ನು ಇಟ್ಟುಕೊಂಡು, ಒಂದು ಕಪ್ಪೆಯನ್ನು ಹೆಣ್ಣು ಕೇಳಲು ಹೋಗುತ್ತಿದ್ದ.

ಈ ಕೊನೆಯ ವಾಕ್ಯವನ್ನು ಅವನು ದಾರಿಯುದ್ದಕ್ಕೂ ತಿದ್ದಿ ನೋಡಿದ. ಸಜೀವ ಮಾದರಿಯೊಂದನ್ನು ಸಂಗ್ರಹಿಸಲು ಹೊರಟಿದ್ದೇನೆ ಎಂದುಕೊಂಡರೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಆದರೆ ಗಡಿಗೆಯ ಕೊರಳಿಗೆ ಹಟ್ಟಿಯ ಹೊನ್ನಕ್ಕ ಅರಿಶಿನದ ದಾರ ಕಟ್ಟಿದ್ದಳು. ಒಳಗೆ ಎಲೆ, ಅಡಿಕೆ, ಬೆಲ್ಲದ ಅಚ್ಚು ಇದ್ದವು. ಸಜೀವ ಮಾದರಿಯ ಸಂಗ್ರಹಕ್ಕೆ ಬೆಲ್ಲದ ಅಚ್ಚು ಬೇಕೆಂದು ಅವನು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ವಾಂತಿಭೇದಿಯ ಕಾಲಕ್ಕೆಂದು ತಾತ್ಕಾಲಿಕವಾಗಿ ನೇಮಕವಾದ ಬಾವಿ ಇನ್‌ಸ್ಪೆಕ್ಟರ್ ತಾನು, ಬೆಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಪದವಿ ಪಡೆದವನು, ಎಂಬ ಮಾತನ್ನು ನಿನ್ನೆ ಅವನು ಹಟ್ಟಿಯ ಕಟ್ಟೆಯ ಬಳಿ ನಿಂತು ಹೇಳಿಯೂ ನೋಡಿದ್ದ. ಹಟ್ಟಿಯ ಯಜಮಾನ ಓಬಯ್ಯ ಅದನ್ನು ತಲೆದೂಗಿ ಕೇಳಿ, ಹಾಗಾದರೆ ಕಪ್ಪೆಯ ವಿಷಯ ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ನೀವೇ ಹೋಗುವುದು ಸರಿ ಎಂದಿದ್ದ.

ಕಾರೆಹಟ್ಟಿಯವರು ಕಪ್ಪೆಯಿಲ್ಲದ ಬಾವಿಯ ನೀರನ್ನು ಕುಡಿಯುತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬಾವಿಯ ಕಪ್ಪೆಗಳೆಲ್ಲ ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬುಧವಾರ ಒಬ್ಬ ಹೆಂಗಸೂ ಕೊಡ ತರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಓಬಯ್ಯ, ಕಪ್ಪೆ ಇರುವಲ್ಲಿ ಮಾತ್ರ ನೀರಿನ ಸೆಲೆ ಕಣ್ಣು ತೆರೆದಿರುತ್ತದೆ ಎಂದ. ಹೊನ್ನಕ್ಕ, ಹಟ್ಟಿಯ ಎಲ್ಲ ಮನೆಗಳಿಗೂ ಹಿರಿಯಳಂತೆ ನಡೆದುಕೊಳ್ಳುವ ಮುದುಕಿ, ಸೆಲೆಯ ಮಾತಲ್ಲ, ಹೆಣ್ಣಿಲ್ಲದ ಮನೆಯಲ್ಲಿ ಯಾರಾದರೂ ನೀರು ಕೇಳಿ ಕುಡಿಯುತ್ತಾರೆಯೇ ಎಂದಳು. ಮೂರನೆಯವನೊಬ್ಬ, ನಮ್ಮಪ್ಪ ಕುಡಿಯುತ್ತಿರಲಿಲ್ಲ, ಅಷ್ಟೇ ಎಂದ. ಒಂದೇ ತೀರ್ಮಾನಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾರಣಗಳು. ಯಾವುದನ್ನು ಖಂಡಿಸಿದರೂ ಉಳಿದೆರಡು ಹಾಗೆಯೇ ನಿಲ್ಲುತ್ತಿದ್ದವು. ಸರಿ, ಎಲ್ಲಿಂದಾದರೂ ಒಂದು ಕಪ್ಪೆ ಹಿಡಿಸಿ ಬಿಡುತ್ತೇನೆ ಎಂದರೆ ಅದೂ ಆಗುವುದಿಲ್ಲ. ಹಟ್ಟಿಗೆ ಸೊಸೆಯರು ಬರುವ ಊರಿನ ಬಾವಿಯಿಂದಲೇ ಕಪ್ಪೆ ಬರಬೇಕು. ಹೆಣ್ಣು ಕೇಳುವಂತೆ ಎಲೆ ಅಡಿಕೆ ಇಟ್ಟು ಕೇಳಿ ತರಬೇಕು. ಬಾವಿಯನ್ನು ಬರಿದು ಮಾಡಿದವನೇ ಹೋಗಿ ಕೇಳಬೇಕು. "ಬರಿದು ಮಾಡಿದವನು" ಎಂಬಲ್ಲಿ ಎಲ್ಲರೂ ಅವನ ಮುಖ ನೋಡಿದ್ದರು. ಔಷಧಿಯಿಂದ ಕಪ್ಪೆ ಸಾಯುವುದಿಲ್ಲ, ಚಳ್ಳಕೆರೆಯ ಬಾವಿಗಳಲ್ಲಿ ಸತ್ತಿಲ್ಲ, ಬಿಸಿಲಿಗೆ ಸತ್ತಿರಬೇಕು ಎಂದು ಅವನು ಅಚ್ಚುಕಟ್ಟಾದ ಕನ್ನಡದಲ್ಲಿ ವಿವರಿಸಿದ. ಅವರು ವಾದಿಸಲಿಲ್ಲ. ವಾದಿಸಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಜನ ಚಿಲುಮೆಯ ನೀರನ್ನು ಕುಡಿಯುತ್ತಲೇ ಇದ್ದರು. ಹಳ್ಳದ ಮರಳಿನಲ್ಲಿ ತೋಡಿದ ಆ ಗುಂಡಿಯ ಮೇಲ್ಗಡೆಯೇ ರೋಗಿಗಳ ಬಟ್ಟೆ ಒಗೆದಿದ್ದರು. ಹೋದ ವಾರ ಹಟ್ಟಿಯಲ್ಲಿ ಇಬ್ಬರು ಸತ್ತಿದ್ದರು. ನಿನ್ನೆ ಸಂಜೆಯಿಂದ ಹೊನ್ನಕ್ಕನ ಸೊಸೆ ಚಿನ್ನಕ್ಕನಿಗೆ ವಾಂತಿ ಶುರುವಾಗಿತ್ತು. ಕಾಯಿಸಿ ಕುಡಿಯಿರಿ ಎಂದರೆ, ಸುಟ್ಟ ನೀರಿನಲ್ಲಿ ಏನಿರುತ್ತದೆ ಎಂದು ಕೇಳುತ್ತಿದ್ದರು. ಏನೂ ಇರುವುದಿಲ್ಲ, ಅದಕ್ಕೇ ಕುಡಿಯಬೇಕು ಎಂದು ಅವನು ಹೇಳಿದಾಗ ಹೊನ್ನಕ್ಕ ಅವನನ್ನು ಬಹಳ ಹೊತ್ತು ಕನಿಕರದಿಂದ ನೋಡಿದ್ದಳು.

ಗಾಡಿ ಒಂದು ಕಲ್ಲಿನ ಮೇಲೆ ಹತ್ತಿ ಇಳಿಯಿತು. ಯರ್ರಪ್ಪ ಹಿಂದೆ ತಿರುಗದೆಯೇ, "ಗಡಿಗೆ ಭದ್ರ ಸಾಮಿ. ನಿಮ್ಗೂ ಒಂದು ಅಭ್ಯಾಸ ಆದಂಗಾತು ಬಿಡ್ರಿ, ನಾಳೆ ನಿಮ್ಮ ಹೆಣ್ಣು ಕೇಳಾಕೆ ಹೋದಾಗ ನಾಲ್ಗೆ ತಡವರ್ಸಲ್ಲ," ಎಂದ. ನಾಗೇಂದ್ರಪ್ಪ ಗಡಿಗೆಯನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡ. ಎರಡೂ ಕಡೆ ದನ ಮೇಯುವ ಕಾವಲಿನ ಹುಲ್ಲು ಒಣಗಿ ಹಗ್ಗದ ಬಣ್ಣಕ್ಕೆ ತಿರುಗಿತ್ತು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಔಷಧಿಯ ಹರಳುಗಳು ನೇರಳೆ. ಚರ್ಮಕ್ಕೆ ತಾಗಿದರೆ ಕಂದು ಕಲೆ, ತಿಕ್ಕಿದರೆ ಹೋಗುವುದಿಲ್ಲ, ಚರ್ಮವೇ ಸವೆದು ಹೋಗಬೇಕು. ಕಳೆದ ವಾರ ಚಳ್ಳಕೆರೆಯ ಮನೆಯಲ್ಲಿ ಅವ್ವ, ಕೈ ತೊಳೆದು ರೊಟ್ಟಿ ಮುಟ್ಟು ಎಂದಳು. ತೊಳೆದಿದ್ದೇನೆ, ಇದು ಕೊಳೆಯಲ್ಲ, ರಾಸಾಯನಿಕ ಕ್ರಿಯೆ ಎಂದ. ಏನಾದರೂ ಆಗಲಿ ಎಂದು ಅವಳೇ ರೊಟ್ಟಿ ಮುರಿದು ತಟ್ಟೆಗೆ ಹಾಕಿದಳು, ಮಗುವಿಗೆ ಹಾಕುವಂತೆ. ಕಾಲೇಜಿನಲ್ಲಿ ಈ ಬೆರಳುಗಳು ಸ್ವಚ್ಛವಾಗಿದ್ದವು. ಮೇಣ ಹೊಯ್ದ ತಟ್ಟೆಯಲ್ಲಿ ಕಪ್ಪೆಯನ್ನು ಅಂಗಾತ ಮಲಗಿಸಿ, ನಾಲ್ಕು ಕಾಲುಗಳಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯ ನಡುಗೆರೆಯಲ್ಲಿ ಕತ್ತರಿಸುವುದರಲ್ಲಿ ಅವನಷ್ಟು ನೇರವಾದ ಕೈ ತರಗತಿಯಲ್ಲಿ ಇನ್ನೊಬ್ಬರದು ಇರಲಿಲ್ಲ. ಎಲ್ಲ ಮುಗಿದ ಮೇಲೂ ಹೃದಯ ಮಾತ್ರ ಬಡಿಯುತ್ತಿತ್ತು, ಯಾರಿಗೋ ಇನ್ನೂ ಸುದ್ದಿ ತಲುಪಿಲ್ಲವೆಂಬಂತೆ. ಅವನು ಅದನ್ನು ಮೆಚ್ಚುಗೆಯಿಂದ ನೋಡುತ್ತಿದ್ದ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು, ಕಪ್ಪೆಯ ಚರ್ಮದ ಉಪಯೋಗಗಳನ್ನು ವಿವರಿಸಿ ಎಂದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಅದರ ಚರ್ಮವೇ ನೀರು ಕುಡಿಯುತ್ತದೆ, ಚರ್ಮವೇ ಅರ್ಧ ಉಸಿರಾಡುತ್ತದೆ, ಆದ್ದರಿಂದ ನೀರಿನಲ್ಲಿ ಕರಗಿದ್ದು ಯಾವುದೂ ಅದಕ್ಕೆ ಹೊರಗಿನದಲ್ಲ. ಈ ವಾಕ್ಯಕ್ಕೆ ಪರೀಕ್ಷಕರು ಪಕ್ಕದಲ್ಲಿ ಗೆರೆ ಎಳೆದಿದ್ದರೆಂದು ಆಮೇಲೆ ತಿಳಿಯಿತು. ಸೋಮವಾರ ಬೆಳಿಗ್ಗೆ ಓಬಯ್ಯ, ಹೂಳು ತೆಗೆಯುವಾಗ ಮಾಡುವಂತೆ ಕಪ್ಪೆಗಳನ್ನು ಮೊದಲು ಗಡಿಗೆಗೆ ಹಿಡಿದಿಡಲೇ ಎಂದು ಕೇಳಿದ್ದ. ಬೇಕಾಗಿಲ್ಲ, ಈ ಪ್ರಮಾಣದಲ್ಲಿ ರೋಗದ ಕ್ರಿಮಿಗಲ್ಲದೆ ಇನ್ನಾವ ಜೀವಕ್ಕೂ ಅಪಾಯವಿಲ್ಲ ಎಂದು ತಾನು ಹೇಳಿದ್ದು ಅವನಿಗೆ ಅಕ್ಷರಶಃ ನೆನಪಿತ್ತು.

ಮತ್ತು ಪ್ರಮಾಣ ಸರಿಯಾಗಿಯೇ ಇತ್ತು. ಅವನು ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದ. ಬಾವಿಯ ಬಾಯಿಯನ್ನು ಟೇಪಿನಿಂದ ಅಳೆದ, ಚೌಕ, ನೀರಿನ ಆಳವನ್ನು ಕಲ್ಲು ಕಟ್ಟಿದ ಹಗ್ಗ ಬಿಟ್ಟು ಅಳೆದ, ಗುಣಿಸಿದ, ಆ ನೀರಿಗೆ ತಕ್ಕಷ್ಟು ಹರಳನ್ನು ತಕ್ಕಡಿಯಲ್ಲಿ ತೂಗಿದ, ಬಕೀಟಿನಲ್ಲಿ ಕರಗಿಸಿ ಹಗ್ಗದಿಂದ ಇಳಿಸಿ ಎತ್ತಿ ಇಳಿಸಿ ಕಲಸಿದ. ಎಲ್ಲಿಯೂ ಲೋಪವಿಲ್ಲ. ಲೋಪವಿಲ್ಲದಿದ್ದರೆ ನೀರು ಬುಧವಾರಕ್ಕೂ ಯಾಕೆ ಕೆಂಪಗಿತ್ತು ಎಂಬ ಪ್ರಶ್ನೆಯನ್ನು ಅವನು ಸೆಲೆ ಬತ್ತಿದೆ, ಕೊಳೆ ಕಡಿಮೆ, ಬಣ್ಣ ಖರ್ಚಾಗಲು ಹೊತ್ತು ಬೇಕು ಎಂಬ ಉತ್ತರಗಳಿಂದ ಮುಚ್ಚಿದ. ಇವೂ ಮೂರು ಕಾರಣಗಳೇ ಎಂಬುದು ಹೊಳೆದು ಅವನಿಗೆ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟು ಯರ್ರಪ್ಪನ ಮೇಲೆ ತಿರುಗಿತು, ದಾರಿಯಲ್ಲಿ ಸಿಕ್ಕ ಕುರಿಯವನೊಡನೆ ಅವನು ಗಾಡಿ ನಿಲ್ಲಿಸಿ ತೆಲುಗಿನಲ್ಲಿ ಮಾತಿಗಿಳಿದಿದ್ದ, ಮಾತಿನ ನಡುವೆ ಕಪ್ಪೆ ಎಂಬ ಶಬ್ದ ಬಂತು, ಇಬ್ಬರೂ ಗಾಡಿಯೊಳಗೆ ನೋಡಿದರು.

ಬೆಟ್ಟದ ಬುಡದ ಆ ಬೀಗರ ಊರಿನಲ್ಲಿ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ಬಾವಿಯ ಬಳಿ ಹೆಂಗಸರು ಕೊಡ ಇಳಿಸಿ ಕಾಯುತ್ತಿದ್ದರು. ಮಾತಾಡಬೇಕಾದವಳು ಬೋರಕ್ಕ, ಎತ್ತರದ ಹೆಂಗಸು, ಕಾರೆಹಟ್ಟಿಗೆ ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟವಳು. ಅವಳ ಕನ್ನಡದ ತುಂಬ ತೆಲುಗು ಇತ್ತು. ಯರ್ರಪ್ಪ ಕಲಿಸಿಕೊಟ್ಟ ಮಾತನ್ನು ನಾಗೇಂದ್ರಪ್ಪ ನೆಲ ನೋಡುತ್ತ ಹೇಳಿದ: ನಿಮ್ಮ ಮನೆಯ ಹೆಣ್ಣನ್ನು ನಮ್ಮ ಮನೆಗೆ ಕೇಳಲು ಬಂದಿದ್ದೇವೆ. ಎಲೆ ಅಡಿಕೆ ಇಟ್ಟ. ಬೋರಕ್ಕ ಬೆಲ್ಲವನ್ನು ಮುರಿದು ಹೆಂಗಸರಿಗೆ ಹಂಚಿದಳು, ಅವನಿಗೂ ಒಂದು ಚೂರು ಕೊಟ್ಟಳು, ಅವನು ತಿನ್ನುವವರೆಗೂ ನೋಡಿದಳು. ಆಮೇಲೆ, ಬೂಟು ಬಿಚ್ಚಿ ಇಳಿಯಬೇಕು, ನಿಮ್ಮ ಕೈಯಲ್ಲಿ ನೀವೇ ಗಡಿಗೆ ಹಿಡಿಯಬೇಕು ಎಂದಳು.

ಬೂಟು. ಬಲಗಾಲಿನ ಕಾಲುಚೀಲ ಹೆಬ್ಬೆರಳಿನ ಬಳಿ ಹರಿದಿತ್ತು. ಹರಿದು ಹದಿನೈದು ದಿನವಾಗಿತ್ತು. ಈ ಹರಕು ಕಾಣಬಾರದೆಂದೇ ಅವನು ಯಾವ ಮನೆಯ ಜಗಲಿಯನ್ನೂ ಹತ್ತಿರಲಿಲ್ಲ, ಯಾವ ಕಟ್ಟೆಯ ಮೇಲೂ ಕಾಲು ಮಡಚಿ ಕೂತಿರಲಿಲ್ಲ. ಕಾರೆಹಟ್ಟಿಯಲ್ಲಿ ಸೋಮವಾರ ಓಬಯ್ಯ, ಕೆಳಗಿಳಿದು ನೋಡುತ್ತೀರಾ ಸಾಮಿ, ಮೆಟ್ಟಿಲ ಮೇಲೆ ಕೆರ ಮೆಟ್ಟಿ ಇಳಿಯಬಾರದು ಅಷ್ಟೇ ಎಂದಾಗ, ಮೇಲಿನಿಂದಲೇ ಸಾಕು ಎಂದಿದ್ದ. ಈಗ ಅಷ್ಟೂ ಹೆಂಗಸರ ಮುಂದೆ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಹೆಬ್ಬೆರಳು ಹೊರಗೆ ಬಂತು. ಯಾರೋ ನಕ್ಕರು, ಯಾರೋ ಅವರನ್ನು ಗದರಿದರು. ಗದರಿದ್ದು ಹೆಚ್ಚು ನೋಯಿಸಿತು. ಕಾಲುಚೀಲಗಳನ್ನು ಕಿತ್ತು ಕೋಟಿನ ಜೇಬಿಗೆ ತುರುಕಿ, ಗಡಿಗೆ ಎತ್ತಿಕೊಂಡು, ಅವನು ಬೋರಕ್ಕನ ಹಿಂದೆ ಮೆಟ್ಟಿಲು ಇಳಿಯತೊಡಗಿದ.

ನಾಲ್ಕೂ ಕಡೆಯಿಂದ ಮೆಟ್ಟಿಲುಗಳಿದ್ದ ಬಾವಿ ಅದು, ಕಾರೆಹಟ್ಟಿಯದರಂತೆಯೇ. ಒಂದೊಂದು ಮೆಟ್ಟಿಲಿಗೂ ಎದುರಿನ ಗೋಡೆ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಮೊದಲು ಅವನು ಅದನ್ನು ಕಾಲಿಗೆ ತಂಪು ತಾಗಿದ ಸುಖದಲ್ಲಿ ಗಮನಿಸಲಿಲ್ಲ. ನಡುವಿನಲ್ಲಿ ಎಲ್ಲೋ, ಮೇಲಿನ ಆಕಾಶದ ಚೌಕ ತನ್ನ ಸುತ್ತಲಿನ ಚೌಕಕ್ಕಿಂತ ಎಷ್ಟು ದೊಡ್ಡದು ಎಂದು ಕತ್ತೆತ್ತಿ ನೋಡಿದ, ಮತ್ತು ಅಲ್ಲಿಯೇ ನಿಂತ. ಮಳೆಗಾಲದಲ್ಲಿ ನೀರು ಬಾಯಿಯವರೆಗೆ ಬಂದಾಗ ಬಾವಿ ಅಷ್ಟಗಲ. ಮೇ ತಿಂಗಳಿನಲ್ಲಿ ನೀರು ತಳದಲ್ಲಿರುವಾಗ ಅದರ ಅರ್ಧದಗಲ. ಕಾರೆಹಟ್ಟಿಯಲ್ಲಿ ಅವನು ಅಗಲವನ್ನು ಮೇಲೆ ಅಳೆದಿದ್ದ, ಆಳವನ್ನು ಕೆಳಗೆ ಅಳೆದಿದ್ದ, ಎರಡನ್ನೂ ಸೇರಿಸಿ ಇಲ್ಲದ ಬಾವಿಯೊಂದಕ್ಕೆ ಔಷಧಿ ತೂಗಿದ್ದ. ಉದ್ದವೂ ಅರ್ಧ, ಅಗಲವೂ ಅರ್ಧ. ಅಂದರೆ ನೀರು ಕಾಲು ಭಾಗ. ಅಂದರೆ ಔಷಧಿ ನಾಲ್ಕು ಪಟ್ಟು. ಲೆಕ್ಕ ಎಷ್ಟು ಸುಲಭವಾಗಿ ಆಯಿತೆಂದರೆ ಅವನಿಗೆ ಒಂದು ಕ್ಷಣ, ಸರಿಯುತ್ತರ ಬಂದಾಗಿನ ಹಳೆಯ ಸಂತೋಷವೇ ಆಯಿತು. ಆಮೇಲೆ ಮಂಗಳವಾರದ ಬಿಳಿಯ ಹೊಟ್ಟೆಗಳು ನೆನಪಾದವು. ಚರ್ಮದಿಂದ ಕುಡಿಯುವ ಜೀವಗಳು. ಒಂದು ಹರಿದ ಕಾಲುಚೀಲ.

ಬೋರಕ್ಕ ಕೆಳಗಿನ ಮೆಟ್ಟಿಲಲ್ಲಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಿದ್ದಳು. ನೀರಿನ ಮೇಲೆ ಕಪ್ಪೆಗಳು ಕಾಲು ಚಾಚಿಕೊಂಡು ತೇಲುತ್ತಿದ್ದವು. ನೀರ ಮೇಲೆಯೇ ಕುಪ್ಪಳಿಸಿ ಓಡಬಲ್ಲ ಜಾತಿ, ರಾನಾ ಸಯನೊಫ್ಲಿಕ್ಟಿಸ್, ಎಂದು ಅವನ ಮನಸ್ಸು ಕೇಳದೆಯೇ ಹೇಳಿತು. ಅವಳು ಕೈಯನ್ನು ನಿಧಾನವಾಗಿ ಕೆಳಗಿನಿಂದ ತಂದು ದೊಡ್ಡದೊಂದನ್ನು ಹಿಡಿದಳು. ಹೆಣ್ಣು, ಪಕ್ಕೆಗಳು ಮೊಟ್ಟೆಯಿಂದ ಉಬ್ಬಿದ್ದವು. ಒಂದು ಗಂಡೂ ಬೇಕಾಗುತ್ತದೆ ಎಂದು ಅವನು ಹೇಳಿದ, ಏನಾದರೂ ಹೇಳಬೇಕಾಗಿತ್ತು. ಮೇಲಿನ ಮೆಟ್ಟಿಲುಗಳಲ್ಲಿ ಹೆಂಗಸರು ನಕ್ಕರು. ಹೆಣ್ಣಿನ ಕಡೆಯವರನ್ನೇ ಗಂಡೂ ಕೇಳುತ್ತಾರಲ್ಲ ಎಂದು ಒಬ್ಬಳು, ಮೊದಲ ಮಳೆ ಬಿದ್ದ ರಾತ್ರಿ ಗಂಡುಗಳು ಕೂಗಿಕೊಂಡು ತಾವೇ ಬರುತ್ತವೆ ಬಿಡು ಎಂದು ಇನ್ನೊಬ್ಬಳು. ಬೋರಕ್ಕ ನಗಲಿಲ್ಲ. ಕಪ್ಪೆಯನ್ನು ನೀರಿನೊಳಗೇ ಹಿಡಿದುಕೊಂಡಿದ್ದಳು, ಗಡಿಗೆಯ ಹತ್ತಿರ ತರಲಿಲ್ಲ.

"ನಮ್ಮವ್ವ ಒಂದು ಪಿಲ್ಲೆನ, ಒಂದು ಹೆಣ್ಣ, ಕೊಟ್ಟಿದ್ಲು ನಿಮ್ಮ ಬಾವಿಗೆ. ಅದರ ಮಕ್ಳು ಮೊಮ್ಮಕ್ಳು ಎಲ್ಲ ಒಂದೇ ದಿನ ಹೋದ್ವಂತೆ. ಹೆಂಗಪ್ಪ ಹೋದ್ವು?"

ಇದೂ ಕ್ರಮದ ಪ್ರಶ್ನೆಯೇ ಎಂದು ಅವನಿಗೆ ತಿಳಿದಿತ್ತು. ಎರಡನೆಯ ಸಂಬಂಧಕ್ಕೆ ಹೆಣ್ಣು ಕೇಳುವವರನ್ನು ಮೊದಲನೆಯವಳ ವಿಷಯ ಕೇಳದೆ ಯಾರೂ ಕಳಿಸುವುದಿಲ್ಲ. ಉತ್ತರ ಅವನ ಬಾಯಲ್ಲಿ ಸಿದ್ಧವಾಗಿತ್ತು, ಈಗಷ್ಟೇ ಮಾಡಿದ ಲೆಕ್ಕ, ಇನ್ನೂ ಬಿಸಿ ಆರಿರಲಿಲ್ಲ. ಅವನು ಬೆಲ್ಲದ ರುಚಿಯನ್ನು ನುಂಗಿದ.

"ಬಿಸಿಲು ಹೆಚ್ಚಾಗಿತ್ತು," ಎಂದ.

ಬೋರಕ್ಕ ಕಪ್ಪೆಯನ್ನೂ ಅವನನ್ನೂ ನೋಡಿದಳು. "ಬಿಸ್ಲು ನಮ್ಮೂರಾಗೂ ಐತೆ," ಎಂದಳು. ಕಪ್ಪೆಯನ್ನು ಅದರ ನೀರಿನ ಸಮೇತ ಗಡಿಗೆಗೆ ಇಳಿಸಿ, ಬಾಯಿಗೆ ಒದ್ದೆಯ ಬಟ್ಟೆ ಮುಚ್ಚಿ, ಅದರ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದಳು.

ಹಿಂದಿರುಗುವಾಗ ಹೊತ್ತು ನೆತ್ತಿಗೆ ಬಂದಿತ್ತು. ಗಡಿಗೆಯನ್ನು ಹಟ್ಟಿ ಮುಟ್ಟುವವರೆಗೆ ನೆಲಕ್ಕೆ ಇಡುವಂತಿಲ್ಲ. ಅದು ತೊಡೆಯ ಮೇಲೆ ಬೆವರುತ್ತಿತ್ತು, ನೀರು ಜಿನುಗಿ ಪಂಚೆ ಒದ್ದೆಯಾಗುತ್ತಿತ್ತು. ಒಳಗೆ ಆಗಾಗ ಒಂದು ಮೃದುವಾದ ಬಡಿತ. ಬಿಸಿಲು ಹೆಚ್ಚಾಗಿತ್ತು. ಅವನು ಆ ಮಾತನ್ನು ಹೇಳಿದ ರೀತಿಯನ್ನು ನೆನೆದುಕೊಂಡ, ವ್ಯಾಕರಣ ತಪ್ಪದ ಸ್ಪಷ್ಟವಾದ ವಾಕ್ಯ. ಈಗ ಎರಡು ದಾರಿಗಳಿದ್ದವು. ಕಪ್ಪೆಯನ್ನು ಇಂದೇ ಬಾವಿಗೆ ಬಿಟ್ಟರೆ, ಬಣ್ಣ ಇಳಿದಿರದಿದ್ದರೆ, ಇದೂ ನಾಳೆ ಹೊಟ್ಟೆ ಮೇಲಾಗುತ್ತದೆ. ಆಮೇಲೆ ಕಾರೆಹಟ್ಟಿಯವರು ಆ ಬಾವಿಯನ್ನು ಎಂದೆಂದಿಗೂ ಮುಟ್ಟುವುದಿಲ್ಲ, ಚಿಲುಮೆ ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತದೆ, ಮೊದಲು ಚಿನ್ನಕ್ಕನನ್ನು. ಬಿಡದಿದ್ದರೆ ಯಾಕೆ ಬಿಡಲಿಲ್ಲ ಎಂದು ಹೇಳಬೇಕು. ಮೂರನೆಯ ದಾರಿಯೂ ಇತ್ತು, ಬಣ್ಣ ತಾನಾಗಿ ಇಳಿದಿರುತ್ತದೆ ಎಂದು ನಂಬುವುದು. ಅರ್ಧ ಹರದಾರಿ ಅವನು ಅದರಲ್ಲಿಯೇ ಪ್ರಯಾಣ ಮಾಡಿದ. ನಡುವೆ ಬಟ್ಟೆ ಸರಿಸಿ ನೋಡಿದಾಗ ಗಡಿಗೆಯ ನೀರು ಬೆರಳಿಗೆ ಬೆಚ್ಚಗಾಗಿತ್ತು, ಅರ್ಧಕ್ಕಿಂತ ಹೆಚ್ಚು ತುಳುಕಿ ಹೋಗಿತ್ತು, ಕಪ್ಪೆ ಬೆನ್ನು ಹೊರಗೆ ಬಿಟ್ಟು ಒಂದು ಬದಿಗೆ ಅಂಟಿಕೊಂಡಿತ್ತು. ಗಂಟಲು ಬೇಗ ಬೇಗ ಆಡುತ್ತಿತ್ತು. ಕಪ್ಪೆಗೆ ಎದೆಗೂಡಿಲ್ಲ, ಅದು ಗಾಳಿಯನ್ನು ಎಳೆದುಕೊಳ್ಳುವುದಿಲ್ಲ, ಗಂಟಲಿನಿಂದ ಗುಟುಕು ಗುಟುಕಾಗಿ ಒಳಗೆ ತಳ್ಳಬೇಕು. ದಾರಿಯಲ್ಲಿ ಬೇರೆ ನೀರಿರಲಿಲ್ಲ. ಅವನ ಬಳಿ ಇದ್ದದ್ದು ಬೆಳಿಗ್ಗೆ ತಾನೇ ಕಾಯಿಸಿ ಆರಿಸಿ ತಂಬಿಗೆಯಲ್ಲಿ ತಂದ ಕುಡಿಯುವ ನೀರು, ಇಡೀ ಸುತ್ತಿನಲ್ಲಿ ಅವನು ನಂಬುತ್ತಿದ್ದ ಒಂದೇ ನೀರು. ಅದನ್ನು ಅವನು ಕಪ್ಪೆಯ ಬೆನ್ನ ಮೇಲೆ ಸಣ್ಣಗೆ ಹೊಯ್ದ. ಅದು ಕದಲಲಿಲ್ಲ, ಚರ್ಮ ಮಾತ್ರ ಹೊಳೆಯಿತು. ಉಳಿದದ್ದನ್ನೂ ಹೊಯ್ದ.

ಯರ್ರಪ್ಪ ಇದನ್ನು ನೋಡಿದ್ದ. ಸ್ವಲ್ಪ ದೂರ ಹೋದ ಮೇಲೆ, "ಬೋರಕ್ಕ ಒಂದು ಮಾತು ಹೇಳಿದ್ಲು ಸಾಮಿ," ಎಂದ. "ಈ ಹುಡುಗಂಗೆ ಸುಳ್ಳು ಹೇಳಾಕೆ ಯಾರೂ ಕಲ್ಸಿಲ್ಲ, ಕಿವಿ ಕೆಂಪಗಾಗ್ತವೆ ಅಂತ." ಆಮೇಲೆ ಎತ್ತುಗಳ ಕಡೆ ತಿರುಗಿ, "ನಡೀರಲೇ, ಹೆಣ್ಣು ಬಾಡ್ತೈತೆ," ಎಂದು ಬಾಲ ಮುಟ್ಟಿದ.

ಹಟ್ಟಿಯಲ್ಲಿ ಬಾವಿಯ ಸುತ್ತ ನೀರು ಚಿಮುಕಿಸಿ ರಂಗೋಲೆ ಇಟ್ಟಿದ್ದರು. ಹೆಂಗಸರು ಹೊಸ ಸೀರೆಯನ್ನೇನೂ ಉಟ್ಟಿರಲಿಲ್ಲ, ಆದರೆ ತಲೆ ಬಾಚಿದ್ದರು. ಹೊನ್ನಕ್ಕ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಒಂದು ಹಿತ್ತಾಳೆಯ ಚೊಂಬು. ಚಿನ್ನಕ್ಕ ಬೆಳಗಿನಿಂದ ನೀರು ನೀರು ಅನ್ನುತ್ತಿದ್ದಾಳೆ, ಚಿಲುಮೆಯಿಂದ ತಂದಿದ್ದೇನೆ, ಕೊಟ್ಟು ಬರುತ್ತೇನೆ, ಅಲ್ಲಿಯತನಕ ಗಡಿಗೆ ಇಳಿಸಬೇಡಿ ಎಂದಳು. ಚೊಂಬಿನ ನೀರು ತಿಳಿಯಾಗಿತ್ತು, ಅಳ್ಳಾಡಿದಾಗ ಅದರಲ್ಲಿ ಆಕಾಶ ಅಳ್ಳಾಡಿತು. ನಾಗೇಂದ್ರಪ್ಪ, ಒಂದು ನಿಮಿಷ, ಎಂದ. ಗಡಿಗೆಯನ್ನು ಓಬಯ್ಯನ ಕೈಗೆ ಕೊಟ್ಟು, ತನ್ನ ಪೆಟ್ಟಿಗೆಯಿಂದ ಗಾಜಿನ ಲೋಟ ತೆಗೆದು, ಹಗ್ಗ ಕಟ್ಟಿದ ಬಕೀಟಿನಿಂದ ಬಾವಿಯ ನೀರು ಎತ್ತಿ, ಲೋಟಕ್ಕೆ ತುಂಬಿ, ಪಂಚೆಯ ಬಿಳಿಯ ಅಂಚಿಗೆ ಹಿಡಿದು ನೋಡಿದ. ಕೆಂಪು ಸೀಬೆಹಣ್ಣಿನ ತಿರುಳಿನ ಬಣ್ಣ. ಲೋಟವನ್ನು ಪಂಚೆಯ ಇನ್ನೊಂದು ಕಡೆಗೆ, ಗಡಿಗೆಯ ಕೆಸರು ತಾಗದ ಕಡೆಗೆ ಹಿಡಿದ. ಅದೇ ಬಣ್ಣ. ಅಷ್ಟೂ ಜನ ಅವನ ಪಂಚೆಯನ್ನು ನೋಡುತ್ತಿದ್ದರು. ಅವನಿಗೆ ಆ ಕ್ಷಣದಲ್ಲಿ ಎಲ್ಲರ ಮೇಲೂ ಅಸಾಧ್ಯ ಸಿಟ್ಟು ಬಂತು, ಬಾಯಿ ಅಗಲ ತಳ ಕಿರಿದು ಬಾವಿ ಕಟ್ಟಿದ ಅವರ ಅಜ್ಜಂದಿರ ಮೇಲೆ, ಕೇಳಿದ ಪ್ರಶ್ನೆಗೆ ಒಂದೇ ಉತ್ತರ ಕೊಡಲು ಬಾರದ ಅವರ ಮೇಲೆ, ತಾನು ಹೇಳಿದ ಅಪ್ಪಟ ಸುಳ್ಳನ್ನು ತಳ್ಳಿ ಹಾಕದೆ ಕಪ್ಪೆ ಕೊಟ್ಟ ಬೋರಕ್ಕನ ಮೇಲೆ. ಸಿಟ್ಟು ಸುತ್ತಿ ಬಂದು, ನಿಲ್ಲಲು ಬೇರೆ ಜಾಗವಿಲ್ಲದೆ ಅವನ ಮೇಲೆಯೇ ನಿಂತಿತು.

"ನಾನು ಔಷಧಿ ಹೆಚ್ಚಿಗೆ ಹಾಕಿದೆ," ಎಂದ. "ನಿಮ್ಮ ಕಪ್ಪೆಗಳು ಸತ್ತದ್ದು ಅದರಿಂದ. ಈಗ ಬಿಟ್ಟರೆ ಇದೂ ಸಾಯುತ್ತದೆ."

ಓಬಯ್ಯ ಗಡಿಗೆಯನ್ನು ಮೈಗೆ ಹತ್ತಿರ ಎಳೆದುಕೊಂಡ. "ಸೋಮವಾರ ಕೇಳಿದ್ನಲ್ರಿ ಸಾಮಿ, ಹಿಡಿದಿಡ್ಲಾ ಅಂತ," ಎಂದ ಮೆಲ್ಲಗೆ. ಗುಂಪಿನ ಹಿಂದಿನಿಂದ ಯಾರೋ, ನೇರಳೆ ಸಾಹೇಬರು ನಮಗೂ ಒಂದಿಷ್ಟು ಹಾಕಿ ಹೋಗಿದ್ದರೆ ರೋಗದ ಕಾಟವೇ ಇರುತ್ತಿರಲಿಲ್ಲ ಎಂದ; ಯಾರೂ ನಗಲಿಲ್ಲ. ಹೊನ್ನಕ್ಕ ಅವನ ಹತ್ತಿರ ಬಂದಳು.

"ಎಷ್ಟು ಹೆಚ್ಚಿಗೆ?"

"ನಾಲ್ಕು ಪಟ್ಟು."

"ನಮ್ಮ ಚಿನ್ನಿ ಸಾರಿಗೆ ಎಲ್ಡು ಸಲ ಉಪ್ಪು ಹಾಕಿದ್ಲು ಅಂತ ನಾನು ಹಟ್ಟಿಯೆಲ್ಲ ಹೇಳ್ಕಂಡು ಬಂದ್ಬಿಟ್ಟಿದ್ದೆ," ಎಂದಳು ಹೊನ್ನಕ್ಕ, ಅವನಿಗಲ್ಲ, ಚೊಂಬಿಗೆ ಹೇಳುವಂತೆ. ಆಮೇಲೆ, ಈಗೇನು ಮಾಡಬೇಕು ಎಂದು ಕೇಳಿದಳು. ಬಾವಿಯ ನೀರನ್ನು ಪೂರ್ತಿ ಎತ್ತಿ ಹೊರಗೆ ಹಾಕಬೇಕು, ಹೊಸ ಸೆಲೆ ಬರಬೇಕು ಎಂದ. ಮೇ ತಿಂಗಳಿನಲ್ಲಿ ನೀರನ್ನು ನೆಲಕ್ಕೆ ಚೆಲ್ಲುವ ಮಾತು. ಗಂಡಸರಲ್ಲಿ ಗದ್ದಲವೆದ್ದಿತು, ಸೆಲೆ ಬಾರದಿದ್ದರೆ ಯಾರು ಜವಾಬ್ದಾರಿ ಎಂದು ಒಬ್ಬ ಮೈಮೇಲೆ ಬಂದ. ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ನಾಗೇಂದ್ರಪ್ಪ ಹೇಳಿದ. ಗೊತ್ತಿಲ್ಲ ಎಂಬ ಮಾತನ್ನು ಅವನು ಈ ಹಟ್ಟಿಯಲ್ಲಿ ಹೇಳಿದ್ದು ಅದೇ ಮೊದಲು. ಹೊನ್ನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೊಡ ತರ್ರೇ, ಎಂದು ಹೆಂಗಸರನ್ನು ಕರೆದಳು. ಚೊಂಬಿನ ನೀರನ್ನು ಮಣ್ಣಿನ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ಬರಲು ಒಬ್ಬಳನ್ನು ಕಳಿಸಿದಳು. ಅದು ಕುದಿದು ಆರಿದ ಮೇಲೆ ಚಿನ್ನಕ್ಕನಿಗೆ ಕೊಡಬೇಕೆಂದಳು. ಅದನ್ನು ಅವಳು ಅವನ ಮುಖ ನೋಡದೆ ಹೇಳಿದಳು.

ಕೊಡಗಳು ಮೆಟ್ಟಿಲುದ್ದಕ್ಕೂ ಕೈಯಿಂದ ಕೈಗೆ ಹತ್ತಿದವು. ಕೆಳಗಿನ ಮೆಟ್ಟಿಲಿನಲ್ಲಿ, ಕೊಡ ಮುಳುಗಿಸುವ ಜಾಗದಲ್ಲಿ, ಅವನು ಬರಿಗಾಲಲ್ಲಿ ನಿಂತಿದ್ದ. ಯಾರೂ ಅವನಿಗೆ ಆ ಜಾಗ ಕೊಟ್ಟಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಇಲ್ಲಿಂದ ನೋಡಿದರೆ ಬಾವಿ ಎಷ್ಟು ಕಿರಿದು. ಎದುರಿನ ಗೋಡೆಯ ಕಲ್ಲಿನ ಸಂದಿಯಲ್ಲಿ ಒಂದು ಸತ್ತ ಕಪ್ಪೆ ಸಿಕ್ಕಿಕೊಂಡಿತ್ತು, ಯಾರೂ ತೆಗೆಯದೆ ಉಳಿದದ್ದು. ಅದರ ಚರ್ಮ ಅವನ ಬೆರಳಿನ ಬಣ್ಣಕ್ಕೆ ಬಂದಿತ್ತು. ಅವನು ಅದನ್ನು ಬಿಡಿಸಿ ಎಲ್ಲಿ ಇಡಬೇಕೆಂದು ತೋಚದೆ ಕೋಟಿನ ಜೇಬಿಗೆ, ಕಾಲುಚೀಲಗಳ ಜೊತೆಗೆ ಹಾಕಿಕೊಂಡ. ಹೊತ್ತು ಇಳಿಯುವಾಗ ತಳದ ಕೆಸರು ಕಂಡಿತು. ಎಲ್ಲರೂ ಮೆಟ್ಟಿಲುಗಳ ಮೇಲೆ ಕೂತು ಕಾದರು. ಬಹಳ ಹೊತ್ತಿನ ಮೇಲೆ ಒಂದು ಮೂಲೆಯ ಕೆಸರು ಒದ್ದೆಯಾಗಿ ಹೊಳೆಯಿತು, ಹೊಳಪು ಹರಡಿತು. ಪಾದ ಮುಳುಗುವಷ್ಟು ನೀರಾದಾಗ ಲೋಟಕ್ಕೆ ತುಂಬಿ ನೋಡಿದ, ಬಣ್ಣವಿರಲಿಲ್ಲ. ಓಬಯ್ಯ ಅಷ್ಟು ಹೊತ್ತೂ ತೋಳಲ್ಲೇ ಹಿಡಿದಿದ್ದ ಗಡಿಗೆಯನ್ನು ಹೊನ್ನಕ್ಕ ಕುಂಕುಮ ಹಚ್ಚಿ ಕೆಳಗಿಳಿಸಿದಳು. ಕಪ್ಪೆ ಜಾರಿ ಹೋಗಿ ಕಲ್ಲಿನ ನೆರಳಿನಲ್ಲಿ ಕಾಣದಾಯಿತು. ಬೆಳಗಾಗುವವರೆಗೆ ಯಾರೂ ಬಾವಿಗೆ ಬರಕೂಡದು, ಹೊಸಬಳು ಮನೆ ನೋಡಿಕೊಳ್ಳಲಿ ಎಂದು ಹೊನ್ನಕ್ಕ ಎಲ್ಲರನ್ನೂ ಮೇಲಕ್ಕೆ ಕಳಿಸಿದಳು. ನಾಗೇಂದ್ರಪ್ಪ ಕಟ್ಟೆಯ ಮೇಲೆ ಕಾಲು ಮಡಚಿ ಕೂತ, ಅಲ್ಲಿಯೇ ಮಲಗಿದ.

ಶುಕ್ರವಾರ ಬೆಳಿಗ್ಗೆ ಕೊಡಗಳು ಬಾವಿಯ ಕಟ್ಟೆಯ ಮೇಲೆ ಸಾಲಾಗಿದ್ದವು. ಚಿನ್ನಕ್ಕನ ವಾಂತಿ ನಿಂತಿದೆ, ಬಾಯಿ ಒಣಗುತ್ತಿದೆ, ಕಣ್ಣುಗಳು ಒಳಗೆ ಹೋಗಿವೆ, ನೀರು ಕೇಳುತ್ತಿದ್ದಾಳೆ ಎಂದು ಹೊನ್ನಕ್ಕ ಹೇಳಿದಳು. ಅವಳು ರಾತ್ರಿಯಿಡೀ ಮಲಗಿರಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದಳು, ಇಳಿಯಲಿಲ್ಲ.

"ನೀನೇ ಇಳಿದು ನೋಡು ತಮ್ಮಾ," ಎಂದಳು. "ಕಂಡಿದ್ದು ಹೇಳು. ಅದ್ಕಿಂತ ಹೆಚ್ಚಿಗೆ ಏನೂ ಬ್ಯಾಡ."

ಅವನು ಇಳಿದ. ನೀರು ಮೊಳಕಾಲಿನಷ್ಟು ಬಂದಿತ್ತು, ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಕಪ್ಪೆ ನಡುವಿನಲ್ಲಿ ತೇಲುತ್ತಿತ್ತು, ನಾಲ್ಕು ಕಾಲುಗಳನ್ನೂ ಚಾಚಿ, ಅಲ್ಲಾಡದೆ, ಮೇಣದ ತಟ್ಟೆಯಲ್ಲಿ ಮಲಗಿಸಿದಂತೆ, ಆದರೆ ಬೆನ್ನು ಮೇಲಾಗಿ. ಬೆನ್ನು ಮೇಲಾಗಿರುವುದು ಸಾಕಾದ ಸಾಕ್ಷಿಯಲ್ಲ. ಮೇಲಿನಿಂದ ಅಷ್ಟೂ ಜನ ಬಗ್ಗಿ ನೋಡುತ್ತಿದ್ದರು. ಅವರ ತಲೆಗಳ ನೆರಳು ನೀರಿನ ಮೇಲೆ ಬಿದ್ದಿತ್ತು. ಏನಪ್ಪಾ ಎಂದು ಓಬಯ್ಯ ಕೇಳಿದ. ಅವನು ಕೈ ಎತ್ತಿ ತಡೆದ. ಕೊನೆಯ ಮೆಟ್ಟಿಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ನೀರಿಗೆ ಮುಖ ತಾಗುವಷ್ಟು ಬಗ್ಗಿ, ತನ್ನ ಉಸಿರು ನೀರನ್ನು ಅಲುಗಿಸದಂತೆ ಬಿಗಿ ಹಿಡಿದು ನೋಡಿದ. ದವಡೆಯ ಕೆಳಗೆ, ತೆಳುವಾದ ಬಿಳಿಯ ಚರ್ಮ, ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ಅದು ನೀರಿನ ಅಲೆಯೂ ಆಗಿರಬಹುದು. ಇನ್ನೊಮ್ಮೆ ಆಗುವವರೆಗೆ ಅವನು ಕಾದ. ಇನ್ನೊಮ್ಮೆ ಆಯಿತು. ಅದರ ಮೇಲೆ ಇನ್ನೊಮ್ಮೆ. ಅವನು ಕತ್ತೆತ್ತಿದ.

"ಉಸಿರಾಡ್ತೈತೆ," ಎಂದ.